ಸೀಟಿಗೆ ಮೊದಲು ಬೆಂಚು

ಕಾಂಪೌಂಡರ್ ಕೆಲಸದಲ್ಲಿ ಇದ್ದವನಿಗೆ ನಗುವಿಗೆ ಬರಗಾಲ ಇಲ್ಲ. ಕಾಯಿಲೆಯವರು ನಗಿಸುವುದು ಕಡಿಮೆ. ಅವರ ಜೊತೆ ಬಂದವರು, ಯಾವ ಕಾಯಿಲೆಯೂ ಇಲ್ಲದೆ ಬಂದವರು ಇದ್ದಾರಲ್ಲ, ಅವರಿಂದ ದಿನಕ್ಕೊಂದು ಪ್ರಸಂಗ ಗ್ಯಾರಂಟಿ.

ತಲ್ಲೂರಿನ ಹತ್ತಿರ ಹೆದ್ದಾರಿ ಬದಿಯ ಒಂದು ಕ್ಲಿನಿಕ್ಕಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಮಾತ್ರೆ ಕಟ್ಟಿದವನು ನಾನು. ತೊಂಬತ್ತೆಂಟರ ಆಸುಪಾಸಿನಲ್ಲಿ ನಮ್ಮ ಕಡೆ ಸಿಇಟಿ ಎಂಬುದು ಮನೆಮನೆಗೂ ಹರಡಿತ್ತು. ಮಕ್ಕಳು ಎಸ್ಸೆಸ್ಸೆಲ್ಸಿ ದಾಟಿದ್ದೇ ತಡ, ಅಪ್ಪ ಅಮ್ಮ ಅವರನ್ನು ಕರೆತಂದು ನಮ್ಮ ಡಾಕ್ಟರ ಮುಂದೆ ನಿಲ್ಲಿಸುತ್ತಿದ್ದರು. “ಇವ್ನನ್ನ ಮೆಡಿಕಲ್‌ಗೆ ತಯಾರ್ ಮಾಡುದಾ, ಬ್ಯಾಡ್ದಾ? ನೀವೇ ಹೇಳಿ.”

ಡಾಕ್ಟರು ಹೂಂ ಅನ್ನುತ್ತಿರಲಿಲ್ಲ, ಊಹೂಂ ಅನ್ನುತ್ತಿರಲಿಲ್ಲ. ತಮ್ಮ ಮೇಜಿನ ಪಕ್ಕದ ಬೆಂಚು ತೋರಿಸಿ, “ಒಂದ್ ಶನಿವಾರ ಬೆಳಿಗ್ಗೆಯಿಂದ ಸಂಜೆವರೆಗೆ ಇಲ್ಲಿ ಕೂಕಣ್ಲಿ” ಎನ್ನುತ್ತಿದ್ದರು. ಸಂಜೆ ಕೇಳುವ ಪ್ರಶ್ನೆ ಒಂದೇ: “ಇನ್ನೊಂದಿನ ಬತ್ತ್ಯಾ?” ಬತ್ತೆ ಎಂದರೆ ಓದಲಿಕ್ಕೆ ಶುರು ಮಾಡು. ಇಲ್ಲ ಎಂದರೆ ಬೇರೆ ದಾರಿ ಹಿಡಿ. ಅದೇ ಅವರ ಎಂಟ್ರೆನ್ಸ್ ಪರೀಕ್ಷೆ.

ನನ್ನ ಮಗಳೂ ಆಗ ಫಸ್ಟ್ ಪಿಯುಸಿ. ಅವಳು ಡಾಕ್ಟರಾಗಬೇಕು ಎಂಬುದು ನನ್ನ ದೊಡ್ಡ ಆಸೆ. ಬಸ್ಸಿನಲ್ಲಿ ಯಾರಾದರೂ ನನ್ನನ್ನೇ “ಡಾಕ್ಟ್ರೇ” ಎಂದು ಕರೆದರೆ ತಿದ್ದದೆ ಸುಮ್ಮನಿರುತ್ತಿದ್ದ ಮನುಷ್ಯ ನಾನು, ಇನ್ನು ಆಸೆ ಎಷ್ಟಿರಬಹುದು ಲೆಕ್ಕ ಹಾಕಿ. ಮಗಳು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಅವಳ ಶನಿವಾರ ಬರುವ ತನಕ ಉಳಿದವರ ಮಕ್ಕಳನ್ನು ನೋಡುತ್ತಾ ನಾನು ಒಳಗೊಳಗೇ ಹೆದರುತ್ತಿದ್ದೆ.

೧. ಅಮ್ಮನ ಉತ್ತರ

ಕೊಕ್ಕರ್ಣೆ ಕಡೆಯ ಒಬ್ಬ ತಾಯಿ ಮಗನನ್ನು ಕರೆತಂದಿದ್ದರು. ಡಾಕ್ಟರು ಹುಡುಗನನ್ನು ಕೇಳಿದರು, “ಯಾವ ಸಬ್ಜೆಕ್ಟ್ ಇಷ್ಟ ಮಗಾ?”

“ಅವ್ನಿಗೆ ಬಯಾಲಜಿ ಅಂದ್ರೆ ಜೀವ” ಎಂದರು ತಾಯಿ.

“ರಕ್ತ ಕಂಡ್ರೆ ಹೆದ್ರಿಕೆ ಇತ್ತಾ?”

“ಎಂತದೂ ಇಲ್ಲೆ ಡಾಕ್ಟ್ರೇ. ಕೋಳಿ ಕೊಯ್ಯುವಲ್ಲಿ ಅವ್ನೇ ಮುಂದೆ.”

ಮಗನನ್ನು ಬಿಟ್ಟು ಹೋಗಿ ಎಂದರೆ ಕೇಳಲಿಲ್ಲ, ತಾವೂ ಬೆಂಚಿನಲ್ಲೇ ಕೂತರು. ಹನ್ನೊಂದು ಗಂಟೆ ಹೊತ್ತಿಗೆ ಒಳಗೆ ಬಂದವರನ್ನೆಲ್ಲ ಡಾಕ್ಟರಿಗಿಂತ ಮೊದಲು ಅವರೇ ವಿಚಾರಿಸತೊಡಗಿದರು. “ಎಷ್ಟ್ ದಿನ ಆಯ್ತ್? ಕಫ ಇತ್ತಾ? ಊಟ ಸೇರ್ತಾ?” ಒಬ್ಬ ಅಜ್ಜ ಅವರ ಕಡೆಗೇ ತಿರುಗಿ ನಾಲಿಗೆ ಚಾಚಿದ. ಮಗ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದ.

ಸಂಜೆ ಡಾಕ್ಟರು ಪ್ರಶ್ನೆಯನ್ನು ತಾಯಿಗೇ ಕೇಳಿದರು. “ಇನ್ನೊಂದಿನ ಬತ್ತ್ರ್ಯಾ?”

“ಬತ್ತೆ ಡಾಕ್ಟ್ರೇ, ನಾಳೆಯೇ ಬತ್ತೆ!”

“ಹಾಂಗಾರೆ ಸಿಇಟಿಗೆ ಅರ್ಜಿ ನೀವೇ ಹಾಕಿ. ಅವ್ನನ್ನ ಮಲ್ಗುಕೆ ಬಿಡಿ.”

೨. ಎಲ್ಲ ಕಾಯಿಲೆಯೂ ನಂಗಿತ್ತ್

ಇನ್ನೊಂದು ಶನಿವಾರ ಬೆಂಚಿನಲ್ಲಿ ಕೂತ ಬೈಂದೂರಿನ ಹುಡುಗ ಬಹಳ ಶ್ರದ್ಧೆಯವನು. ಪಾಪ, ಶ್ರದ್ಧೆ ಸ್ವಲ್ಪ ಹೆಚ್ಚೇ ಆಯಿತು. ಸಕ್ಕರೆ ಕಾಯಿಲೆಯವರು ತುಂಬ ಬಾಯಾರಿಕೆ ಎಂದಾಗ ಎದ್ದು ಹೋಗಿ ಮೂರು ಲೋಟ ನೀರು ಕುಡಿದು ಬಂದ. ದಮ್ಮಿನ ಅಜ್ಜಿ ಉಸಿರೆಳೆದಾಗ ಇವನೂ ಎದೆ ಹಿಡಿದುಕೊಂಡ. ಮಧ್ಯಾಹ್ನ ಔಷಧಿ ಕಿಟಕಿಗೆ ಬಂದು ನನ್ನ ಹತ್ತಿರ ಮೆಲ್ಲಗೆ ಹೇಳಿದ. “ಅಣ್ಣಾ, ನಂಗೆ ಎಡಗೈ ಜೋಮು ಬಂದಿತ್ತ್. ಅವ್ರಿಗೆಲ್ಲ ಇಪ್ದ್ ನಂಗೂ ಇತ್ತ್.”

ಅವನ ಹೆಸರಿನಲ್ಲಿ ಒಂದು ಚೀಟಿ ಮಾಡಿ ಡಾಕ್ಟರ ಮುಂದೆ ಕೂರಿಸಿದೆ. ಬಿ.ಪಿ. ಸರಿ ಇತ್ತು, ಎದೆ ಸರಿ ಇತ್ತು. ಆದರೂ ಹುಡುಗನ ಮುಖದ ಮೇಲಿನ ಗಾಬರಿ ಇಳಿಯಲಿಲ್ಲ. ಸ್ವಲ್ಪ ಮೊದಲು ಚೊಚ್ಚಲ ಬಸುರಿಯೊಬ್ಬಳು ಬಂದು ಹೋಗಿದ್ದಳು.

“ಡಾಕ್ಟ್ರೇ, ನಂಗೂ ಬೆಳಿಗ್ಗೆ ಬಸ್ಸಲ್ಲಿ ವಾಕರಿಕೆ ಬಂದಿತ್ತ್” ಎಂದ.

ಡಾಕ್ಟರು ಕನ್ನಡಕ ತೆಗೆದಿಟ್ಟರು. “ಅದೊಂದ್ ನಿಂಗಿಲ್ಲೆ ಮಗಾ. ಪರೀಕ್ಷೆ ಮಾಡ್ದೇ ಬರ್ದ್ ಕೊಡ್ತೆ.”

೩. ಸಿಗದ ಮದ್ದು

ಹೆಮ್ಮಾಡಿಯ ಹುಡುಗನೊಬ್ಬ ಸಂಜೆ “ನಂಗೆ ಇದ್ ಬ್ಯಾಡ ಡಾಕ್ಟ್ರೇ, ಅಪ್ಪಯ್ಯನಿಗೆ ಹೇಳುಕೆ ಹೆದ್ರಿಕೆ” ಎಂದು ಅತ್ತುಬಿಟ್ಟ. ಅವನ ಅಪ್ಪ ಕಿರಾಣಿ ಅಂಗಡಿಯವರು, ಮಾತಿಗೆ ಬಗ್ಗುವವರಲ್ಲ. ಆದರೆ ಡಾಕ್ಟರ ಚೀಟಿಯಲ್ಲಿ ಬರೆದದ್ದನ್ನು ಮಾತ್ರ ತಪ್ಪದೆ ಪಾಲಿಸುವವರು. ಅದು ಗೊತ್ತಿದ್ದ ಡಾಕ್ಟರು ಚೀಟಿ ಬರೆದು ಕೊಟ್ಟರು.

ಅಪ್ಪನಿಗೆ ಆ ಅಕ್ಷರ ಓದಲಿಕ್ಕೆ ಬರಲಿಲ್ಲ. ನೇರ ಮೆಡಿಕಲ್ ಶಾಪಿಗೆ ಹೋಗಿ “ಇದ್ರಲ್ಲಿಪ್ದ್ ಹದಿನೈದ್ ದಿನಕ್ಕೆ ಕೊಡಿ” ಎಂದರಂತೆ. ಅಂಗಡಿಯವ ಗಟ್ಟಿಯಾಗಿ ಓದಿದ: “ಹುಡುಗನಿಗೆ ಮೆಡಿಕಲ್ ಒಗ್ಗದು. ಬೈಯುವುದು ಪೂರ್ತಿ ನಿಲ್ಲಿಸುವುದು. ಪ್ರೀತಿ, ದಿನಕ್ಕೆ ಮೂರು ಹೊತ್ತು, ಊಟದ ನಂತರ.”

ಆಮೇಲೆ ಚೀಟಿ ಮಡಚಿ ವಾಪಸು ಕೊಟ್ಟ. “ಈ ಮದ್ದ್ ನಮ್ಮಲ್ಲಿ ಬತ್ತಿಲ್ಲೆ ಮಾರಾಯ್ರೆ. ನಿಮ್ ಮನ್ಯಲ್ಲೇ ಹುಡ್ಕಿ ಕಾಣಿ.”

೪. ನನ್ನ ಮಗಳ ಶನಿವಾರ

ಬೆಂಚಿನಿಂದ ಎದ್ದು ಹೋದವರನ್ನು ಇಷ್ಟೆಲ್ಲ ಕಂಡ ಮೇಲೆ ನನಗೆ ಒಂದೇ ಚಿಂತೆ. ನನ್ನ ಮಗಳೂ ಎದ್ದು ಹೋದರೆ? ರಕ್ತ, ಕೀವು ಅವಳ ಕಣ್ಣಿಗೆ ಬೀಳಬಾರದೆಂದು ಆ ದಿನ ಒಂದು ಉಪಾಯ ಮಾಡಿದೆ. ಬಾಗಿಲಲ್ಲಿ ಕೂತು ಚೀಟಿ ಕೊಡುವವನು ನಾನೇ ತಾನೆ? ಶೀತ, ಕೆಮ್ಮು, ಬಿ.ಪಿ.ಯವರನ್ನೆಲ್ಲ ಒಳಗೆ ಬಿಟ್ಟೆ. ಕುರು, ಕೀವು, ಹೊಲಿಗೆ ಬಿಚ್ಚುವುದು ಎಂದು ಬಂದವರಿಗೆ “ಇವತ್ ಡಾಕ್ಟ್ರಿಗೆ ಪುರುಸೊತ್ತಿಲ್ಲೆ, ಸೋಮವಾರ ಬನಿ” ಎಂದು ಹೊರಗಿನಿಂದಲೇ ಸಾಗಹಾಕಿದೆ. ತಪ್ಪು ಎಂದು ಗೊತ್ತಿತ್ತು. ಆದರೂ ಮಾಡಿದೆ.

ಮಧ್ಯಾಹ್ನದ ಹೊತ್ತಿಗೆ ಮಗಳು ಆಕಳಿಸತೊಡಗಿದಳು. ಸಂಜೆ ಡಾಕ್ಟರು ಕೇಳಿದರು. “ಇನ್ನೊಂದಿನ ಬತ್ತ್ಯಾ ಮಗಾ?”

ಅವಳು ಬ್ಯಾಗು ಹೆಗಲಿಗೆ ಹಾಕಿದಳು. “ಇಲ್ಲ ಡಾಕ್ಟ್ರೇ. ಬೆಳಿಗ್ಗೆಯಿಂದ ಶೀತ, ಕೆಮ್ಮು, ಕೆಮ್ಮು, ಶೀತ. ಇದಕ್ಕೆ ಅಷ್ಟ್ ವರ್ಷ ಓದೂದ್ ಎಂತಕೆ? ನಮ್ ಅಪ್ಪಯ್ಯನೇ ಸಾಕಲ್ದಾ?”

ನಾನೇ ಹೂಡಿದ ಆಟಕ್ಕೆ ನಾನೇ ಬಲಿ.

ಅಷ್ಟರಲ್ಲಿ ಹೊರಗೆ ಗದ್ದಲ. ನೋಡಿದರೆ ಏಳು ಜನ ಸಾಲಾಗಿ ಬರುತ್ತಿದ್ದಾರೆ. ನಾನು ಕಳಿಸಿದವರಲ್ಲಿ ಕೆಲವರು ಸಂಜೆ ಬಸ್‌ಸ್ಟಾಪಿನ ಹತ್ತಿರದ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಮಾತಿಗೆ ಕೂತಿದ್ದಾರೆ, ಎಲ್ಲರಿಗೂ ಸೋಮವಾರವೇ ಸಿಕ್ಕಿದೆ ಎಂದು ಗೊತ್ತಾಗಿದೆ. ಮುಂದಾಳು ಮೀನು ಮಾರುವ ಹೆಂಗಸು, ತೋಳಲ್ಲಿ ನಿಂಬೆಹಣ್ಣಿನಷ್ಟು ಕುರು.

“ಹ್ವಾಯ್ ಡಾಕ್ಟ್ರೇ! ನಿಮ್ಗೆ ಪುರುಸೊತ್ತಿಲ್ಲೆ ಅಂಬ್ರಲೆ? ಬುಟ್ಟಿ ಎತ್ತುಕೆ ಆತಿಲ್ಲೆ ನಂಗೆ. ಇದ್ ಸೋಮವಾರದವರೆಗೆ ಕಾಯ್ತಾ?”

ಡಾಕ್ಟರು ನನ್ನನ್ನು ನೋಡಿದರು. ಮಗಳೂ ನೋಡಿದಳು. ನಾನು ಔಷಧಿ ಬಾಟಲಿ ನೋಡಿದೆ.

ಡಾಕ್ಟರು ಕುರು ಕೊಯ್ಯಲು ಕೂತರು. ಯಾರೂ ಹೇಳದೆ ಮಗಳು ಬ್ಯಾಗು ಕೆಳಗಿಟ್ಟು ಟಾರ್ಚು ಹಿಡಿದಳು. ಹೆಂಗಸು ಅವಳ ಇನ್ನೊಂದು ಕೈ ಗಟ್ಟಿಯಾಗಿ ಹಿಡಿದು, ತನಗೆ ಗೊತ್ತಿದ್ದ ಬೈಗುಳವನ್ನೆಲ್ಲ ನನ್ನ ಮೇಲೆ ಖಾಲಿ ಮಾಡಿದಳು. ಕೀವು ಬಂದಾಗ ಮಗಳು ಮುಖ ತಿರುಗಿಸಲಿಲ್ಲ, ಇನ್ನೂ ಹತ್ತಿರ ಬಗ್ಗಿದಳು. “ಅಷ್ಟ್ ಒಳಗೆ ಇತ್ತಾ ಡಾಕ್ಟ್ರೇ?” ಆಮೇಲೆ ಉಳಿದ ಆರು ಜನರನ್ನು ಒಬ್ಬೊಬ್ಬರಾಗಿ ಅವಳೇ ಒಳಗೆ ಕರೆದಳು. ಮೀನಿನ ಹೆಂಗಸು ಹೋಗುವಾಗ ಅವಳ ಗಲ್ಲ ಮುಟ್ಟಿ, “ಹೆಣ್ಣೇ, ನೀ ಕೈ ಹಿಡ್ದದ್ದಕ್ಕೆ ನೋವೇ ಗೊತ್ತಾಯ್ಲ” ಎಂದಳು. ಸುಳ್ಳು, ಅವಳ ಕೂಗು ರಸ್ತೆಯವರೆಗೆ ಕೇಳಿತ್ತು. ಆದರೂ ನನಗೆ ಕಣ್ಣು ತುಂಬಿ ಬಂತು.

ಆ ಗಡಿಬಿಡಿಯಲ್ಲಿ ಡಾಕ್ಟರು ಮತ್ತೆ ಪ್ರಶ್ನೆ ಕೇಳುವುದನ್ನು ಮರೆತರು. ಮನೆಗೆ ಹೋಗುವ ಬಸ್ಸಿನಲ್ಲಿ ಧೈರ್ಯ ಮಾಡಿ ನಾನೇ ಕೇಳಿದೆ. “ಹಾಂಗಾರೆ ಮಗಾ, ಸಿಇಟಿಗೆ ತಯಾರಿ ಮಾಡ್ತ್ಯಾ?”

“ಮಾಡ್ತೆ ಅಪ್ಪಯ್ಯ. ಆದ್ರೆ ಪರೀಕ್ಷೆ ದಿನ ನೀವ್ ಮಾತ್ರ ಎಕ್ಸಾಮ್ ಹಾಲ್ ಬಾಗಿಲಿಗೆ ಬಪ್ದ್ ಬ್ಯಾಡ.”

“ಎಂತಕೆ?”

“ಕಷ್ಟದ್ ಪ್ರಶ್ನೆಗಳನ್ನೆಲ್ಲ ಸೋಮವಾರ ಬನಿ ಅಂತ ಅಲ್ಲಿಂದಲೇ ವಾಪಸ್ ಕಳ್ಸ್ತ್ರಿ.”