ಪ್ಯಾನೆಲ್‌ಗೆ ಬಳಿದ ವಿಭೂತಿ

‘ನನಗೆ ಗೊತ್ತಿಲ್ಲ’ ಎಂಬ ಮಾತನ್ನು ನನ್ನ ಬಾಯಿಂದ ಕೇಳಿದವರು ನಮ್ಮ ಹೋಬಳಿಯಲ್ಲೇ ಇಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಎರಡೆಕರೆ ದಾಳಿಂಬೆಯನ್ನು ಈ ಕೈಗಳಿಂದಲೇ ಬೆಳೆಸಿದವನು ನಾನು. ಓದಿದವರ ಮುಂದೆ ಗೊತ್ತಿಲ್ಲವೆಂದರೆ ಗಿಡಗಳಿಗೇ ಅವಮಾನ. ಹಾಗಾಗಿ ಹೊಳಲ್ಕೆರೆಯ ಫಿಟ್ಟರ್ ಬಂದು, ನಮ್ಮ ಬೋರ್‌ವೆಲ್ ಪಂಪಿಗೆ ಸೋಲಾರ್ ಪ್ಯಾನೆಲ್ ಜೋಡಿಸಿ, ಗಿಡದ ಬುಡಕ್ಕೆಲ್ಲ ಡ್ರಿಪ್ ಪೈಪು ಎಳೆದು, ಏನೋ ವಿವರಿಸಲು ಹೊರಟಾಗ “ಗೊತ್ತು ಬಿಡ್ರಿ” ಎಂದು ಮಜ್ಜಿಗೆ ಕೊಟ್ಟು ಸಾಗಹಾಕಿದೆ. ನನ್ನ ಹೆಂಡತಿ ಗಿರಿಜಾ ಮಾತ್ರ ಅವನ ಬೈಕಿನವರೆಗೂ ಹೋಗಿ ಎಲ್ಲ ಕೇಳಿಸಿಕೊಂಡಳು. ಹೆಂಗಸರಿಗೆ ಪುರುಸೊತ್ತು ಜಾಸ್ತಿ ಎಂದುಕೊಂಡೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಕುಡುಗೋಲಿನಿಂದ ಟ್ರ್ಯಾಕ್ಟರಿನವರೆಗೆ ವಿಭೂತಿ ಇಲ್ಲದೆ ಯಾವುದೂ ಹಬ್ಬ ಕಾಣುವುದಿಲ್ಲ. ಪ್ಯಾನೆಲ್ಲುಗಳೋ ಬಾಗಿಲಿನಷ್ಟು ದೊಡ್ಡವು, ಮೂರು ಬೆರಳು ಎಲ್ಲಿಗೆ ಸಾಕು? ವಿಭೂತಿಯನ್ನು ಬಟ್ಟಲಲ್ಲಿ ಕಲಸಿ ಅಂಗೈಯಲ್ಲೇ ಬಳಿದೆ. ಮೇಲೆ ಚೆಂಡುಹೂವಿನ ಹಾರ, ಎದುರಿಗೆ ಬಾಳೆಕಂದು.

“ಅದರ ಮಕ ಮುಚ್ಚಬೇಡ್ರಿ” ಎಂದಳು ಗಿರಿಜಾ.

“ದೇವರ ಕೆಲಸದಾಗೆ ಬಾಯಿ ಹಾಕಬ್ಯಾಡ” ಎಂದೆ.

ಮಾರನೇ ದಿನ ಅವಳ ತಮ್ಮ ರುದ್ರೇಶ ತಾಳ್ಯದ ಕಡೆಯ ಹತ್ತು ರೈತರನ್ನು ಕರೆತಂದ. ನನ್ನ ಹೊಲ ನೋಡಿ ಒಪ್ಪಿದರೆ ಅವರೂ ಸೋಲಾರ್, ಡ್ರಿಪ್ ಹಾಕಿಸುವವರು. ಒಪ್ಪದಿದ್ದರೆ ಇಷ್ಟು ದಿನ ನಾನು ಕೊಚ್ಚಿಕೊಂಡದ್ದೆಲ್ಲ ಬರೀ ಗಾಳಿ. ಗತ್ತಿನಿಂದ ಸ್ವಿಚ್ ಒತ್ತಿದೆ. ಪಂಪು ಪಿಟಕ್ಕೆನ್ನಲಿಲ್ಲ. ಪೈಪಿನಿಂದ ಒಂದು ಹನಿಯೂ ಬೀಳಲಿಲ್ಲ. ಎಲ್ಲರಿಗೂ ಕೇಳಲಿ ಎಂದು ಫೋನಿನ ಸ್ಪೀಕರ್ ಹಾಕಿಯೇ ಫಿಟ್ಟರನಿಗೆ ಉಗಿದೆ: “ಎಂಥ ಡಬ್ಬ ಕೂರಿಸಿ ಹೋಗಿದಿಯಪ್ಪ!”

“ಯಜಮಾನ್ರೇ, ಪ್ಯಾನೆಲ್ ಮೇಲೆ ನೆರಳು ಐತಾ?”

“ಬಟಾಬಯಲಾಗೆ ನೆರಳು ಎಲ್ಲಿಂದ ಬರ್ಬೇಕಲೇ?”

ಗಿರಿಜಾ ಪ್ಯಾನೆಲ್ಲುಗಳ ಹತ್ತಿರ ಹೋದಳು. ಬಾಳೆಕಂದು ಕಿತ್ತಳು, ಹಾರ ತೆಗೆದಳು, ಒದ್ದೆ ಬಟ್ಟೆಯಿಂದ ಪ್ಯಾನೆಲ್ಲುಗಳನ್ನು ಮಗುವಿನ ಮುಖದಂತೆ ಒರೆಸಿದಳು. ಸ್ವಲ್ಪ ಹೊತ್ತಿಗೆ ಪಂಪು ಗುಂಯ್ ಎಂದಿತು. ಗಿಡಗಳ ಬುಡದಲ್ಲಿ ಹನಿ ತೊಟ್ಟಿಕ್ಕತೊಡಗಿತು.

“ಭಾವ, ನಿಮ್ಮ ಪಂಪು ಕೆಟ್ಟಿರಲಿಲ್ಲ ಕಣ್ರಿ, ಧ್ಯಾನಕ್ಕೆ ಕುಂತಿತ್ತು” ಎಂದ ರುದ್ರೇಶ. ಹತ್ತು ಜನ ನಕ್ಕರು. ಫೋನಿನೊಳಗಿಂದ ಹನ್ನೊಂದನೆಯವನೂ ನಕ್ಕ.

ಹತ್ತು ಜನರೂ ಹಾಕಿಸಲು ಒಪ್ಪಿದರು. ಹೋಗುವಾಗ ಏನಾದರೂ ಕೇಳಬೇಕಾದರೆ ಇರಲಿ ಎಂದು ಗಿರಿಜಾಳ ನಂಬರು ಬರೆದುಕೊಂಡರು. ಈಗ ದಿನಾ ಫೋನು. ಯಜಮಾನ ನಾನಾದ್ದರಿಂದ ನಾನೇ ಎತ್ತುತ್ತೇನೆ, ಪ್ರಶ್ನೆಯನ್ನು ಪೂರ್ತಿ ಕೇಳುತ್ತೇನೆ, ಗಂಭೀರವಾಗಿ ಹೂಂಗುಟ್ಟುತ್ತೇನೆ. ಗೊತ್ತಿಲ್ಲ ಎಂದು ಇವತ್ತಿಗೂ ಹೇಳಿಲ್ಲ. “ತಡೀರಿ, ಕೊಡ್ತೀನಿ” ಎನ್ನುತ್ತೇನೆ.