ಹದಿನಾಲ್ಕು ಮೊಗ್ಗಿನ ಸಾಲು

ಸುತ್ತೋಲೆ ಬಂದದ್ದು ಸೋಮವಾರ. ಗುರುವಾರವಾದರೂ ತಿಮ್ಮರಾಜು ಮೇಷ್ಟ್ರ ಸಿಟ್ಟು ಆರಿರಲಿಲ್ಲ. ಪ್ರತಿ ಪಾಠದೊಳಗೂ ಒಂದು ಕೈಕಸುಬನ್ನು ಬೆರೆಸತಕ್ಕದ್ದಂತೆ. ಲೆಕ್ಕದ ಮೇಷ್ಟ್ರು ಬಡಗಿಯ ಮೂಲೆಮಟ್ಟ ಹಿಡಿದು ಪಾರಾಗಿದ್ದರು. ವಿಜ್ಞಾನದ ಟೀಚರು ಹನಿ ನೀರಾವರಿಯ ಪೈಪಿನೊಳಗೆ ನುಸುಳಿಕೊಂಡಿದ್ದರು. ಕನ್ನಡದ ಷಟ್ಪದಿಗೆ ಏನನ್ನು ಬೆರೆಸುವುದು?

"ಕಾವ್ಯ ಅಂದ್ರೆ ಉಪ್ಪಿಟ್ಟಾ ಸಾರ್, ಸಿಕ್ಕಿದ್ದೆಲ್ಲ ಬೆರೆಸೋಕೆ?" ಎಂದು ಹೆಡ್‌ಮಾಸ್ಟರ್ ನಾರಾಯಣಸ್ವಾಮಿಯವರ ಮುಂದೆ ಗುಡುಗಿದರು.

"ಮೆಲ್ಲಗೆ ಮಾತಾಡ್ರಿ. ಹನ್ನೊಂದಕ್ಕೆ ಶಶಿಕಲಾ ಮೇಡಂ ತಪಾಸಣೆಗೆ ಬತ್ತಾರೆ. ನಿಮ್ಮ ವರ್ಗಾವಣೆ ಕಾಗದ ಅವರ ಬ್ಯಾಗಲ್ಲೇ ಐತೆ. ಪಾಠ ಮೆಚ್ಚಿದ್ರೆ ಮತ್ತಿಗಿರಿ, ಇಲ್ಲಾಂದ್ರೆ ಅಂಚೆಟ್ಟಿ ಬಸ್ಸು."

ತಿಮ್ಮರಾಜು ತಣ್ಣಗಾದರು. ಮನೆ ಮತ್ತಿಗಿರಿಯಲ್ಲಿ, ಶಾಲೆ ಅಂಚೆಟ್ಟಿ ದಾರಿಯ ಈ ಹಳ್ಳಿಯಲ್ಲಿ. ಎರಡು ಬಸ್ಸು, ಮೇಲೆ ಮೂರು ಮೈಲಿ ನಡಿಗೆ. ಏಳು ವರ್ಷದಲ್ಲಿ ಅವರ ಚಪ್ಪಲಿಗಳು ಸವೆದು ಹಪ್ಪಳವಾಗಿದ್ದವು.

ತಟ್ಟನೆ ದಾರಿ ಹೊಳೆಯಿತು. ಲಘುವಿಗೆ ಒಂದು ಮಲ್ಲಿಗೆ ಮೊಗ್ಗು, ಗುರುವಿಗೆ ಎರಡು. ಮೂರು, ನಾಲ್ಕು, ಮೂರು, ನಾಲ್ಕು. ನಡುನಡುವೆ ಒಂದೊಂದು ಎಸಳು ಮರುಗ. ಸಾಲಿಗೆ ಹದಿನಾಲ್ಕು ಮೊಗ್ಗು. ಛಂದಸ್ಸೂ ಆಯಿತು, ಕಸುಬೂ ಆಯಿತು. ಪದ್ಯವನ್ನು ತಾವೇ ಕಟ್ಟಿ, ಏಳನೇ ತರಗತಿಯ ನಾಗಲಕ್ಷ್ಮಿಯನ್ನು ಹೂವಿಗೆಂದು ಮನೆಗೆ ಓಡಿಸಿದರು.

ಹೂವಿನ ಹಿಂದೆಯೇ ಅವಳ ತಾಯಿ ಅಂಜಿನಮ್ಮನೂ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಮುಖ ಕೆಂಡವಾಗಿತ್ತು.

"ಏನ್ ಸಾಮಿ ಇದು? ಕತ್ತಲಲ್ಲೆದ್ದು ನನ್ ಮಗಳು ಹೂವ ಕೀಳ್ತಾಳೆ, ಸಂಜೆಗೆ ಕಟ್ತಾಳೆ. ಇಲ್ಲಾದ್ರೂ ಒಸಿ ಓದ್ಲಿ ಅಂತ ಕಳ್ಸುದ್ರೆ ಇಲ್ಲೂ ಹೂವಾ? ಹೂವ ಕಟ್ಟಾಕೆ ನಿಮ್ಮ ಸ್ಕೂಲ್ಯಾಕೆ, ನಮ್ಮ ಜಗಲಿ ಸಾಲ್ದಾ?"

"ನನಗೇನು ಆಸೇನಾ ಅಂಜಿನಮ್ಮ? ಮೇಲಿನಿಂದ ಬಂದಿದೆ."

"ಮೇಲಿನಿಂದ ಮಳೆ ಬರ್ಲಿ. ಇದ್ಯಾಕ್ ಬರ್ಬೇಕು?"

ಅವಳು ಮಗಳ ಪಕ್ಕ ಕುಕ್ಕರಿಸಿದಳು. ಏಳೆಂದರೂ ಏಳಲಿಲ್ಲ. ಅಷ್ಟರಲ್ಲಿ ಜೀಪು ಬಂತು.

ಶಶಿಕಲಾ ಮೇಡಂ ಹಿಂದಿನ ಬೆಂಚಿನಲ್ಲಿ ಕೂತರು. ತಿಮ್ಮರಾಜು ರಾಗವಾಗಿ ಹಾಡಿದರು: "ಹೊಲದ ಬದುವಲಿ ಹೂವು ಬಿರಿದುದು, ಹಸುರ ಎಲೆಯಲಿ ಗಾಳಿ ತೀಡಿ..." ಮಕ್ಕಳ ಬೆರಳು ಓಡಿದವು.

ಅಂಜಿನಮ್ಮ ಮಗಳ ದಾರವನ್ನು ಒಮ್ಮೆ ಸವರಿದಳು. "ಎರಡ್ನೇ ಸಾಲಲ್ಲಿ ಒಂದು ಮೊಗ್ಗು ಕಮ್ಮಿ ಐತೆ."

"ನಾನೇನ್ ಮಾಡ್ಲವ್ವ, ಸಾರ್ ಹಾಡಿದ್ದೇ ಅಷ್ಟು," ಎಂದಳು ನಾಗಲಕ್ಷ್ಮಿ. "ತೀಡಿತು ಅಂದ್ರೆ ಸರಿಹೋಗ್ತದೆ ಸಾರ್."

ತಿಮ್ಮರಾಜು ಬೆರಳು ಮಡಿಸಿ ಎಣಿಸಿದರು. ಹದಿಮೂರೇ. ಮುಖ ಬಾಡಿದ ಬಾಳೆಯೆಲೆಯಾಯಿತು. ಆದರೆ ಮೇಡಂ ಅರಳಿದ್ದರು, ಮೆಚ್ಚುಗೆ ತಮಿಳಿನಲ್ಲೇ ಹೊರಟಿತು. "ರೊಂಬ ನಲ್ಲಾ ಇರುಕ್ಕು! ಕಸುಬು ಪಾಠಾನ ತಿದ್ದುತು, ನೋಡಿದ್ರಾ? ಎಲ್ಲಿ, ಈಗ ನೀವೊಂದು ಸಾಲು ಕಟ್ಟಿ ಸಾರ್."

ಮೇಷ್ಟ್ರು ಹುಟ್ಟಿದಂದಿನಿಂದ ಹೂವನ್ನು ಮುಡಿದದ್ದನ್ನು ನೋಡಿದ್ದರೇ ಹೊರತು ಕಟ್ಟಿದವರಲ್ಲ. ದಾರ ಹೆಬ್ಬೆರಳಿಗೆ ಸುತ್ತಿತು, ಹೆಬ್ಬೆರಳು ಮಣಿಕಟ್ಟಿಗೆ ಸಿಕ್ಕಿತು. ಎತ್ತಿ ತೋರಿಸಹೋದರೆ ಹದಿನಾಲ್ಕು ಮೊಗ್ಗೂ ಉದುರಿ ಮೇಡಂ ಪಾದಕ್ಕೆ ಅರ್ಚನೆಯಾಯಿತು. ಮಕ್ಕಳು ಬಾಯಿಗೆ ಪುಸ್ತಕ ಅಡ್ಡ ಹಿಡಿದರು.

ಮೇಡಂ ಬ್ಯಾಗಿನಿಂದ ಕಾಗದ ತೆಗೆದರು.

"ಪಾಠ ಚೆನ್ನಾಗಿತ್ತು. ಆದರೆ ಕಸುಬು ಬರದ ಮೇಷ್ಟ್ರನ್ನ ಮತ್ತಿಗಿರಿಗೆ ಹೆಂಗೆ ಕಳಿಸ್ಲಿ? ಅಲ್ಲಿ ಫ್ಯಾಕ್ಟರಿ ಇದಾವೆ, ಮಲ್ಲಿಗೆ ತೋಟ ಎಲ್ಲಿದೆ? ಇಲ್ಲೇ ಇದ್ದು ಕಲೀಲಿ." ಕಾಗದಕ್ಕೆ ಅಡ್ಡಗೆರೆ ಎಳೆದು ಅಂಜಿನಮ್ಮನ ಕಡೆ ತಿರುಗಿದರು. "ಅಮ್ಮಾ, ಇವರಿಗೆ ನೀವೇ ಗುರು. ಬೇಡ ಅನ್ನಬೇಡಿ."

ಜೀಪು ಹೋಯಿತು. ತಿಮ್ಮರಾಜು ಕಂಬಕ್ಕೊರಗಿ ಕಂಬವೇ ಆಗಿದ್ದರು.

ಅಂಜಿನಮ್ಮನ ಸಿಟ್ಟು ಇಳಿದಿತ್ತು. ಅವಳು ದಾರದ ಉಂಡೆ ಸುತ್ತುತ್ತಾ ಹೇಳಿದಳು: "ಕಟ್ಟಾದು ಆಮ್ಯಾಕೆ. ಮೊದ್ಲು ಕೀಳಾದು. ನಾಳಿಂದ ನನ್ ಮಗಳು ಬೆಳಗಿನ ಹೊತ್ತು ಓದ್ಕತಾಳೆ, ಅವಳ ಸಾಲು ನಿಮ್ದು. ನಾಕು ಗಂಟೆಗೆಲ್ಲ ತೋಟದಾಗಿರ್ಬೇಕು."

"ಮತ್ತಿಗಿರಿಯಿಂದ ನಾಲ್ಕಕ್ಕೆ ಯಾವ ಬಸ್ಸಮ್ಮ?"

"ಬಸ್ಸ್ಯಾಕೆ ಸಾಮಿ? ನಮ್ಮ ಪಂಪ್‌ಸೆಟ್ ರೂಮು ಖಾಲಿ ಐತೆ. ಇವತ್ತೇ ಚಾಪೆ ಹಾಕುಸ್ತೀನಿ."