ಉಸ್ಸುರಿ ದಂಡೆಯಲ್ಲಿ ಕೂಸಿನ ಲಂಗೋಟಿ ಒಣಹಾಕುವ ಕುರಿತು

ನದಿದಂಡೆ ಶಿಸ್ತು ಶಾಖೆ
ಸಂಖ್ಯೆ: ನದಿಶಿ/ಒಗೆತ/14/1967
ದಿನಾಂಕ: 9 ಫೆಬ್ರವರಿ 1967

ವಿಷಯ: ಒಂಬತ್ತು ತಿಂಗಳ ಕೂಸಿನ ಲಂಗೋಟಿಗಳಿಂದ ಸೋವಿಯತ್-ಚೀನಾ ಗಡಿಯಲ್ಲಿ ಉದ್ಭವಿಸಿರುವ ಪರಿಸ್ಥಿತಿ.

ಉಲ್ಲೇಖ: (1) ಎದುರು ದಡದ ಧ್ವನಿವರ್ಧಕದಿಂದ ಬಂದ ಅಭಿನಂದನೆ. (2) ಕೂಸಿನ ಅಳು (ದಾಖಲಾಗಿಲ್ಲ, ಆದರೆ ಎಲ್ಲರಿಗೂ ಕೇಳಿಸಿದೆ).

1. ಹೊರಠಾಣೆಯ ಕಾವಲುಗಾರ ಲುಕ್ಯಾನ್ ಗ್ಲುಷ್ಕೋವ್‌ನ ಪತ್ನಿ ತೈಸಿಯಾ ಯೆಗೊರೊವ್ನಾ ಅವರು ತಮ್ಮ ಮಗ ಗ್ಲೇಬ್‌ನ ಬಿಳಿ ಲಂಗೋಟಿಗಳನ್ನು ನದಿಗೆ ಎದುರಾಗಿ ಹಗ್ಗ ಕಟ್ಟಿ ಒಣಹಾಕುತ್ತಿರುವುದು ಶಾಖೆಯ ಗಮನಕ್ಕೆ ಬಂದಿರುತ್ತದೆ. ಒಳಗಿನ ಒಲೆಯ ಸುತ್ತಲೂ ಸೈನಿಕರು ಬೂಟಿನೊಳಗೆ ಸುತ್ತಿಕೊಳ್ಳುವ ಕಾಲುಬಟ್ಟೆಗಳೇ ಒಣಗುತ್ತಿರುವುದರಿಂದ ಅಲ್ಲಿ ಜಾಗವಿಲ್ಲ, ಹಸಿ ಬಟ್ಟೆ ಕಟ್ಟಿದರೆ ಕೂಸಿನ ತೊಡೆಸಂದಿಯಲ್ಲಿ ಬೊಕ್ಕೆ ಏಳುತ್ತದೆ ಎಂದು ಅವರು ವಿವರಣೆ ನೀಡಿದ್ದಾರೆ. ಬೊಕ್ಕೆಗಳನ್ನು ಪರಿಶೀಲಿಸಲಾಗಿ, ನಿಜವೆಂದು ಕಂಡುಬಂದಿದೆ.

2. ನದಿ ನಡುವಿನ ದ್ವೀಪ ಯಾರದೆಂಬ ವಿವಾದ ಇತ್ಯರ್ಥವಾಗದ ಕಾರಣ, ಉಭಯ ದಡದ ಸೈನಿಕರು ಪ್ರತಿ ಬೆಳಿಗ್ಗೆ ಬಂದೂಕು ಬದಿಗಿಟ್ಟು, ಹೆಪ್ಪುಗಟ್ಟಿದ ನದಿಯ ಮೇಲೆ ಭುಜಕ್ಕೆ ಭುಜ ಕೊಟ್ಟು ತಳ್ಳಾಡುವುದು ರೂಢಿಯಲ್ಲಿದೆ. ಕಳೆದ ವಾರ ಒಂದು ದಿನ ಚೀನೀ ಸೈನಿಕರು ಬರಲಿಲ್ಲ. ಸಾಲಾಗಿ ಹಾರುವ ಬಿಳಿ ಬಟ್ಟೆ ಕಂಡು ನಾವು ಶರಣಾದೆವೆಂದು ಭಾವಿಸಿ ಡೋಲು ಬಾರಿಸಿ, ಧ್ವನಿವರ್ಧಕದಲ್ಲಿ ಅಭಿನಂದಿಸಿದರು. ಸೋತವರನ್ನು ತಳ್ಳುವುದು ತಮ್ಮ ಮರ್ಯಾದೆಗೆ ತಕ್ಕುದಲ್ಲವೆಂದೂ ತಿಳಿಸಿದರು.

3. ಆದ ಕಾರಣ, ಸದರಿ ಲಂಗೋಟಿಗಳಿಗೆ ಕೆಂಪು ಬಣ್ಣ ಹಾಕುವಂತೆ ಆದೇಶಿಸಲಾಯಿತು. ಬಣ್ಣಕ್ಕೆ ಅಡುಗೆಮನೆಯ ಬೀಟ್‌ರೂಟನ್ನು ಬಳಸಲಾಗಿದ್ದು, ಅಂದಿನ ಸೂಪು ಬಿಳಿಯಾಗಿದ್ದುದಕ್ಕೆ ಶಾಖೆ ಜವಾಬ್ದಾರಿಯಲ್ಲ.

4. ಕೆಂಪು ಬಟ್ಟೆ ಎರಡೂ ದೇಶಗಳಲ್ಲಿ ಬಾವುಟವಾಗಿರುವುದರಿಂದ, ಮರುದಿನ ಎರಡೂ ದಡದವರು ಲಂಗೋಟಿಗಳಿಗೆ ಸೆಲ್ಯೂಟ್ ಹೊಡೆದು ನಿಂತರು. ಕೈ ಇಳಿಸುವ ಅಪ್ಪಣೆ ಮೊದಲು ಯಾರು ಕೊಡಬೇಕೆಂಬುದು ತೀರ್ಮಾನವಾಗದೆ ಮಧ್ಯಾಹ್ನದ ಊಟ ತಪ್ಪಿತು. ಬಾವುಟವನ್ನು ತೇವಗೊಳಿಸುವುದು ಅಪರಾಧವಾದ್ದರಿಂದ, ಉಚ್ಚೆ ಹೊಯ್ಯಬಾರದೆಂದು ಗ್ಲೇಬ್‌ಗೆ ಮೌಖಿಕ ಎಚ್ಚರಿಕೆ ನೀಡಲಾಯಿತು. ಎಚ್ಚರಿಕೆ ನೀಡುತ್ತಿರುವಾಗಲೇ ಉಲ್ಲಂಘನೆ ನಡೆದಿದೆ. ಕೂಸನ್ನು ಎತ್ತಿಕೊಂಡಿದ್ದ ಶಾಖಾಧಿಕಾರಿಯ ಅಂಗಿಯೂ ಈಗ ಹಗ್ಗದ ಮೇಲಿದೆ.

5. ತದನಂತರ ಲಂಗೋಟಿಗಳು ಬಾವುಟವಾಗಿ ಹಗ್ಗದ ಮೇಲೇ ಉಳಿದು, ಬೇರೆ ಹಸಿ ಬಟ್ಟೆ ಕಟ್ಟಿಸಿಕೊಂಡ ಕೂಸು ಅತ್ತಿದ್ದು, ಎದುರು ದಡದವರು ತಮ್ಮ ದಿನನಿತ್ಯದ ಬೈಗುಳ ಪ್ರಸಾರ ನಿಲ್ಲಿಸಿ ಆಲಿಸಿದರು. ಅಲ್ಲಿನ ಬಟ್ಟೆ ಒಗೆಯುವ ಹೆಂಗಸು ಫಂಗ್ ಗುಯಿಲಾನ್ ಎಂಬಾಕೆ ಧ್ವನಿವರ್ಧಕವನ್ನು ಕಿತ್ತುಕೊಂಡು, ಮುರುಕು ರಷ್ಯನ್ನಿನಲ್ಲಿ ಈ ಕೆಳಗಿನಂತೆ ಘೋಷಿಸಿರುತ್ತಾರೆ: "ಏ ತಂಗಿ, ಅದರ ಕುಂಡಿ ಕಟ್ಟಿ ಯಾಕೆ ಗೋಳಾಡಿಸ್ತೀಯಾ? ಗಾಳಿ ಆಡ್ಲಿ ಬಿಡು. ನಮ್ ಮಕ್ಕಳ ಚಡ್ಡಿ ಒಂದು ಕಳಿಸ್ತೀನಿ, ತೊಡಿಸು." ಈ ಚಳಿಗಾ ಎಂದು ತೈಸಿಯಾ ಕೇಳಿದ್ದಕ್ಕೆ, ಒಳಗೆ ಹತ್ತಿ ತುಂಬಿದ್ದೇನೆ, ನಿನ್ನ ಗಂಡನ ಕೋಟಿಗಿಂತ ಬೆಚ್ಚಗಿದೆ ಎಂಬ ಉತ್ತರ ಬಂದಿದೆ.

6. ನದಿಯ ನಡುಗೆರೆಯಲ್ಲಿ ಸಿಕ್ಕಿದ ಸದರಿ ಚಡ್ಡಿಯನ್ನು ಮೂವರು ಅಧಿಕಾರಿಗಳು ತಪಾಸಣೆ ಮಾಡಿದ್ದು, ಅದರ ಹಿಂಭಾಗ ಎಲ್ಲಿದೆಯೆಂದು ಪತ್ತೆಯಾಗಿಲ್ಲ. ಕೂಸು ಕೂತಾಗ ತಾನೇ ತೆರೆದುಕೊಳ್ಳುವಂತೆ ಸೀಳು ಬಿಟ್ಟು ಹೊಲಿಯಲಾಗಿದೆ ಎಂದು ತೈಸಿಯಾ ತೋರಿಸಿಕೊಟ್ಟರು. ಆ ಪ್ರಕಾರ ಈ ಮೂಲಕ ಸೂಚಿಸುವುದೇನೆಂದರೆ:

(ಅ) ಚಡ್ಡಿ ತೊಟ್ಟ ಗ್ಲೇಬ್ ತಾಯ್ನಾಡಿನ ಕಡೆ ಮುಖ ಮಾಡಿ ಅಂಬೆಗಾಲಿಡತಕ್ಕದ್ದಲ್ಲ. ಹಾಗೆ ಮಾಡಿದಲ್ಲಿ ನೆರೆರಾಷ್ಟ್ರಕ್ಕೆ ಅವಮಾನವಾಗುತ್ತದೆ.
(ಆ) ನೆರೆರಾಷ್ಟ್ರದ ಕಡೆ ಮುಖ ಮಾಡಿಯೂ ಅಂಬೆಗಾಲಿಡತಕ್ಕದ್ದಲ್ಲ. ಕಾರಣ ವಿವರಿಸಲು ಶಾಖೆ ಇಚ್ಛಿಸುವುದಿಲ್ಲ.
(ಇ) ಗಡಿಗೆ ಸಮಾನಾಂತರವಾಗಿ, ನದಿ ಹರಿಯುವ ದಿಕ್ಕಿಗೆ ಮಾತ್ರ ಅಂಬೆಗಾಲಿಡಲು ಅನುಮತಿಸಲಾಗಿದೆ. ವಾಪಸು ಬರುವಾಗ ಎತ್ತಿಕೊಂಡು ಬರತಕ್ಕದ್ದು.

7. ಗ್ಲೇಬ್ ಈ ಮೂರನ್ನೂ ಮೀರಿ ಗುಂಡಗೆ ಸುತ್ತಿದ್ದರಿಂದ, ತಾಯಿ ಮಗು ಇಬ್ಬರನ್ನೂ ಲಾರಿಯಲ್ಲಿ ದೂರದಲ್ಲಿರುವ ತೈಸಿಯಾ ಅವರ ಚಿಕ್ಕಮ್ಮನ ಮನೆಗೆ ಸಾಗಿಸುವಂತೆಯೂ, ಲುಕ್ಯಾನ್ ಠಾಣೆಯಲ್ಲೇ ಉಳಿಯುವಂತೆಯೂ ಆದೇಶಿಸಲಾಯಿತು. ಆದೇಶ ಓದಿದಾಗ ಲುಕ್ಯಾನ್ ಸೆಲ್ಯೂಟ್ ಹೊಡೆಯುವುದನ್ನು ಮರೆತರು. ತೈಸಿಯಾ ಮಾತ್ರ ಕೂಸನ್ನು ಸೊಂಟಕ್ಕೇರಿಸಿ, "ಬಟ್ಟೆ ಒಣಗಿದ ತಕ್ಷಣ ಹೊರಡ್ತೀನಿ ಸಾಹೇಬ್ರೇ" ಎಂದಷ್ಟೇ ಹೇಳಿದರು. ಹಸಿ ಬಟ್ಟೆಯ ಗಂಟನ್ನು ಲಾರಿಗೆ ಹತ್ತಿಸಕೂಡದೆಂದು ಇದೇ ಶಾಖೆಯ ಕಟ್ಟುನಿಟ್ಟಿನ ನಿಯಮವಿರುವುದರಿಂದ, ಒಪ್ಪದೆ ಗತ್ಯಂತರವಿರಲಿಲ್ಲ.

8. ಸೀಳುಚಡ್ಡಿಯ ದೆಸೆಯಿಂದ ಬೊಕ್ಕೆ ಮಾಯ್ದಿದೆ. ಆದರೆ ಕೂಸು ಕೂತಲ್ಲೆಲ್ಲ ಒದ್ದೆಯಾಗುತ್ತಿರುವುದರಿಂದ ಹಾಸಿಗೆ, ಹೊದಿಕೆ, ಅಪ್ಪನ ಕೋಟು, ಕೊನೆಗೆ ಠಾಣೆಯ ನಕ್ಷೆಯ ಮೇಜುಹಾಸು ಸಹ ಪ್ರತಿದಿನ ಒಗೆತಕ್ಕೆ ಹೋಗುತ್ತಿವೆ. ಈ ಚಳಿಯಲ್ಲಿ ಅವು ಹಪ್ಪಳದಂತೆ ಸೆಟೆದು ನಿಲ್ಲುತ್ತವೆ. ಒಂದು ಒಣಗುವಷ್ಟರಲ್ಲಿ ಇನ್ನೊಂದು ಒದ್ದೆ.

9. ದಪ್ಪ ಕಂಬಳಿ ಹಿಂಡಲು ಒಬ್ಬರಿಂದ ಆಗದ ಕಾರಣ, ಇಂದು ಬೆಳಿಗ್ಗೆ ನಡುಗೆರೆಯ ಮೇಲೆ ಒಂದು ತುದಿಯನ್ನು ನಮ್ಮವರೂ ಇನ್ನೊಂದು ತುದಿಯನ್ನು ಚೀನೀ ಸೈನಿಕರೂ ಹಿಡಿದು, ತಂತಮ್ಮ ನೆಲದಲ್ಲೇ ನಿಂತು ತಿರುಚಿದ್ದಾರೆ. ತಿರುಚುವ ತಾಳಕ್ಕೆ ಗುಯಿಲಾನ್ ಒಂದು, ಎರಡು ಎಂದು ಎಣಿಸುತ್ತ ಹಾಡಿದರು. ಇದನ್ನು ದೈನಂದಿನ ತಳ್ಳಾಟವೆಂದೇ ಪರಿಗಣಿಸಿ ವರದಿಯಲ್ಲಿ ನಮೂದಿಸತಕ್ಕದ್ದು.

10. ಎಲ್ಲ ಬಟ್ಟೆಯೂ ಒಮ್ಮೆಗೇ ಒಣಗಿದ ದಿನ ಕಂಡಿಕೆ 7ರ ಆದೇಶ ಜಾರಿಗೆ ಬರತಕ್ಕದ್ದು. ಆ ದಿನ ಸಮೀಪಿಸುತ್ತಿರುವ ಲಕ್ಷಣ ಕಂಡಲ್ಲಿ ಠಾಣೆಯವರು ಗ್ಲೇಬ್‌ಗೆ ನೀರು ಕುಡಿಸಬಹುದು.

ಸಹಿ/-
ಕ. ಪ. ಬೆಸ್ಸೋನೊವ್
ಶಾಖಾಧಿಕಾರಿ
(ಅಂಗಿ ಒಣಗದ ಕಾರಣ ಕೋಟಿನಲ್ಲೇ ಸಹಿ ಮಾಡಿದ್ದಾರೆ)

ಪ್ರತಿಗಳು:
1. ಅಡುಗೆಮನೆಗೆ, ಬೀಟ್‌ರೂಟ್ ಮರುಭರ್ತಿಗಾಗಿ.
2. ಎದುರು ದಡಕ್ಕೆ, ಧ್ವನಿವರ್ಧಕದಲ್ಲಿ ಓದಲಾಗಿದೆ. ಆರನೇ ಕಂಡಿಕೆಯನ್ನು ಇನ್ನೊಮ್ಮೆ ಓದಬೇಕೆಂಬ ಕೋರಿಕೆ ಬಂದಿದೆ.
3. ಗ್ಲೇಬ್‌ಗೆ, ತಲುಪಿದೆ, ಅರ್ಧ ತಿಂದಿರುತ್ತಾನೆ.
4. ಲಾರಿ ಚಾಲಕರಿಗೆ, ಎಂಜಿನ್ ಆರಿಸಿ ಒಳಗೆ ಬಂದು ಟೀ ಕುಡಿಯುವಂತೆ.